ಮೂರನೆಯ ಮುಚ್ಚಳ

"ಇದು ಅಚ್ಚಿನ ತಪ್ಪಲ್ಲ ಕಣೇ. ಇದು ಹಲ್ಲು."

ನಮ್ಮ ಡಾಕ್ಟರು ಹಾಗೆಂದಾಗ ನಾನು ತಲೆ ಎತ್ತಲೂ ಇಲ್ಲ. ಹಲ್ಲಿನ ಡಾಕ್ಟರನ್ನು ಕಟ್ಟಿಕೊಂಡವಳಿಗೆ ಇದೆಲ್ಲ ರೂಢಿ. ಅವರಿಗೆ ಎಲ್ಲಿ ನೋಡಿದರೂ ಹಲ್ಲೇ ಕಾಣುತ್ತದೆ. ಹಲ್ಲು ಮುರಿದ ಬಾಚಣಿಗೆ ಕಂಡರೂ ಒಂದು ಗಳಿಗೆ ನಿಂತು ಮರುಗುತ್ತಾರೆ.

"ರೀ, ಅದು ಪ್ರಿಂಟರಿನ ರಬ್ಬರು. ಅದರಲ್ಲಿ ಹಲ್ಲು ಎಲ್ಲಿಂದ ಬರುತ್ತೆ?"

"ಅದರಲ್ಲಿ ಹಲ್ಲಿದೆ ಅಂದೆನಾ? ಅದನ್ನ ಯಾರೋ ಹಲ್ಲಲ್ಲಿ ಕಚ್ಚಿದಾರೆ ಅಂದೆ. ಬಾ, ಕಣ್ಣಾರೆ ನೋಡು."

ಅವರ ಕ್ಲಿನಿಕ್ಕಿನ ಹಿಂದಿನ ಕೋಣೆಯೇ ನನ್ನ ಆಫೀಸು. ಯಾರಾದರೂ ಒಂದು ವಸ್ತುವನ್ನು ಹೊಸದೆಂದು ಹೇಳಿ ಪೇಟೆಂಟ್ ಕೇಳಿದರೆ, ಅದು ನಿಜಕ್ಕೂ ಹೊಸದೋ, ಅವರದೇ ಹೌದೋ ಎಂದು ಹಳೆಯ ಯಂತ್ರಗಳನ್ನು ಕೆದಕಿ ಪತ್ತೆ ಮಾಡುವುದು ನನ್ನ ಕಸುಬು. ಗೋಡೆಯ ಆಚೆ ಅಣ್ಣ ಹಲ್ಲು ಕೀಳುತ್ತಾನೆ, ಈಚೆ ಅತ್ತಿಗೆ ಬಾಯಿ ಬಿಡಿಸುತ್ತಾಳೆ ಎಂದು ಕೌಂಟರಿನಲ್ಲಿ ಕೂರುವ ನಮ್ಮ ನಾದಿನಿ ಹಾಸ್ಯ ಮಾಡುವುದುಂಟು.

ಎದ್ದು ಹೋಗಿ ನೋಡಿದೆ. ಬಿಳಿ ತಟ್ಟೆಯಲ್ಲಿ ಎರಡು ಕಪ್ಪು ರಬ್ಬರ್ ಮುಚ್ಚಳಗಳಿದ್ದವು, ಬೆಂಕಿಪೆಟ್ಟಿಗೆಯ ಅರ್ಧದಷ್ಟೂ ಇಲ್ಲದವು. ಪಕ್ಕದಲ್ಲಿ, ಹಲ್ಲಿನ ಸೆಟ್ಟಿಗೆ ಅಳತೆ ತೆಗೆಯುವ ಗುಲಾಬಿ ಪೇಸ್ಟಿನಲ್ಲಿ ಅವುಗಳ ಅಚ್ಚು ಇತ್ತು.

ಇಂಕ್‌ಜೆಟ್ ಪ್ರಿಂಟರು ಕೆಲಸ ಮುಗಿಸಿದ ಮೇಲೆ ಅದರ ಇಂಕಿನ ಹೆಡ್ಡು ಒಂದು ಮೂಲೆಗೆ ಸರಿದು ನಿಲ್ಲುತ್ತದೆ. ಆಗ ಕೆಳಗಿನಿಂದ ಇಂಥದೊಂದು ಮುಚ್ಚಳ ಎದ್ದು ಬಂದು ಅದರ ಬಾಯಿ ಮುಚ್ಚುತ್ತದೆ. ಮುಚ್ಚದಿದ್ದರೆ ಕೂದಲಿಗಿಂತ ಸಣ್ಣ ತೂತುಗಳಲ್ಲಿ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ. ತೀರಾ ಬಿಗಿಯಾಗಿ ಮುಚ್ಚಿದರೆ ಇನ್ನೊಂದು ಪೀಕಲಾಟ. ಒಳಗೆ ಸಿಕ್ಕಿಕೊಂಡ ಗಾಳಿ ಮೇಲಕ್ಕೆ ನುಗ್ಗಿ ಅದೇ ತೂತುಗಳನ್ನು ಕೆಡಿಸುತ್ತದೆ. ಈ ಎರಡೂ ಮುಚ್ಚಳಗಳ ಒಂದೇ ಮೂಲೆಯಲ್ಲಿ ಒಂದೊಂದು ಪುಟ್ಟ ಕಿಂಡಿ ಇತ್ತು. ಗಾಳಿ ಹೋಗುವಷ್ಟು ದೊಡ್ಡದು, ಇಂಕು ಒಣಗದಷ್ಟು ಸಣ್ಣದು.

ಆ ಕಿಂಡಿಗೆ ಇಬ್ಬರು ತಂದೆಯರು.

ಒಬ್ಬರು ಕನ್ನಡಕದ ಬೀಗರು, ಇನ್ನೊಬ್ಬರು ಮೀಸೆ ಬೀಗರು. ಒಂದೇ ಬೀದಿಯಲ್ಲಿ ಎದುರುಬದುರು ಪ್ರಿಂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ಒಬ್ಬರ ಸ್ಕ್ರೂಡ್ರೈವರನ್ನು ಇನ್ನೊಬ್ಬರು ಎರವಲು ಪಡೆಯುತ್ತ, ಕೊನೆಗೆ ಕನ್ನಡಕದವರ ಮಗಳನ್ನು ಮೀಸೆಯವರ ಮಗನಿಗೆ ತಂದುಕೊಂಡು ಬೀಗರಾದವರು. ಸ್ನೇಹಿತರಾಗಿದ್ದಾಗ ಒಬ್ಬರಿಗೊಬ್ಬರು 'ಲೋ'. ಬೀಗರಾದ ಮೇಲೂ 'ಲೋ'. ಅದೇ ಕಿಂಡಿಗೆ ಇಬ್ಬರೂ ಬೇರೆ ಬೇರೆಯಾಗಿ ಪೇಟೆಂಟ್ ಅರ್ಜಿ ಹಾಕಿದ್ದು ಗೊತ್ತಾದ ದಿನದಿಂದ 'ತಾವು'.

ನನ್ನನ್ನು ಈ ಕೇಸಿಗೆ ಹಚ್ಚಿದವರು ಬೀಗಿತ್ತಿಯರು, ಇಬ್ಬರೂ ಜೊತೆಯಾಗಿ ಬಂದು, ಗಂಡಂದಿರ ಅಂಗಡಿಯಿಂದ ಒಂದೊಂದು ಮುಚ್ಚಳ ತಂದುಕೊಟ್ಟು. ಗಂಡಂದಿರ ಜಗಳಕ್ಕೆ ಅವರು ಸೊಪ್ಪು ಹಾಕಿಲ್ಲ. ಹಲ್ಲುನೋವಿನ ನೆಪ ಹೇಳಿ ನಮ್ಮ ಕ್ಲಿನಿಕ್ಕಿನಲ್ಲಿ ಭೇಟಿಯಾಗಿ ಹರಟುತ್ತಾರೆ. "ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೇನಾದ್ರೂ ಮಾಡಿ" ಎಂದು ಕೈ ಹಿಡಿದು ಹೇಳಿದ್ದರು.

ಕೋಲು ಮುರಿಯುವ ದಿನ ಇವತ್ತೇ. ಇವತ್ತು ಮಧ್ಯಾಹ್ನದೊಳಗೆ ನಾನು ನಿಜ ಏನೆಂದು ಹೇಳದಿದ್ದರೆ ಮಗಳು ತಂದೆಯ ಪರವಾಗಿ ಸಾಕ್ಷಿಪತ್ರಕ್ಕೆ ಸಹಿ ಹಾಕಬೇಕು, ಮಗ ತನ್ನ ತಂದೆಯ ಪರವಾಗಿ. ಒಬ್ಬೊಬ್ಬರ ಪತ್ರದಲ್ಲೂ ಎದುರಿನವರು ಕಳ್ಳರು ಎಂದು ಬರೆದಿದೆ. ಆಮೇಲೆ ಗಂಡ ಹೆಂಡತಿ ಅದೇ ಮನೆಗೆ ಹೋಗಿ ಅದೇ ಮೇಜಿಗೆ ಊಟಕ್ಕೆ ಕೂರಬೇಕು.

"ಸರಿ, ಬಿಡಿಸಿ ಹೇಳಿ" ಎಂದೆ.

"ರಬ್ಬರ್ ಎರೆದು ಅಚ್ಚು ತೆಗೆದ ಮೇಲೆ ಅಂಚಲ್ಲಿ ಚೂರುಪಾರು ಉಳ್ಕೊಳ್ಳುತ್ತೆ. ಬ್ಲೇಡಲ್ಲಿ ಕತ್ತರಿಸಿದ್ರೆ ಅಂಚು ನೇರವಾಗಿರುತ್ತೆ. ಇದು ಬಿಲ್ಲಿನ ಹಾಗೆ ಬಾಗಿದೆ, ನಡುವೆ ಒಂದು ಉಬ್ಬು. ಮುಂದಿನ ಹಲ್ಲಲ್ಲಿ ದಿನಾ ವೈರಿನ ಸಿಪ್ಪೆ ಸುಲಿಯೋರಿಗೆ ಹಲ್ಲಿನ ಅಂಚು ಸವೆದು ಹಳ್ಳ ಬಿದ್ದಿರುತ್ತೆ. ಅಂಥ ಹಲ್ಲು ಇದು. ಎರಡು ಮುಚ್ಚಳ, ಒಂದೇ ಬಾಯಿ."

ಅಂದರೆ ಒಬ್ಬರು ಮಾಡಿದ್ದು, ಇನ್ನೊಬ್ಬರ ಕೈಗೆ ಹೋದದ್ದು. ಪೇಟೆಂಟ್ ಕಾಗದದಲ್ಲಿ ಇಬ್ಬರೂ ಪುಟಗಟ್ಟಲೆ ವರ್ಣಿಸಿದ್ದ ಆ 'ಗಾಳಿಕಿಂಡಿ' ಯಾರದೋ ಅವಸರದ ಕಚ್ಚು. ನನಗೆ ನಗು ಬಂತು, ಜೊತೆಗೇ ಭಯವೂ ಆಯಿತು.

"ಇಬ್ಬರ ಬಾಯೂ ನೋಡಿಬಿಡಿ" ಎಂದೆ.

"ಅದಕ್ಕೇನಂತೆ. ಬಾಯಿ ನೋಡೋದೇ ನನ್ನ ಹೊಟ್ಟೆಪಾಡು."

ಹೊರಗೆ ಬಂದರೆ ಕೌಂಟರಿನ ಮೇಲೆ ಹೊಚ್ಚ ಹೊಸ ಪ್ರಿಂಟರು ಮಿರಮಿರ ಮಿಂಚುತ್ತಿತ್ತು. ನೋಡಿ ಮನಸ್ಸಿಗೆ ತಂಪಾಯಿತು. ಹಳೆಯದನ್ನು ಕೊಟ್ಟರೆ ಹೊಸದು ಕೊಡುತ್ತೇವೆ ಎಂದು ಮೊನ್ನೆ ಯಾರೋ ಫೋನು ಮಾಡಿದಾಗ ನಾನು ಹಿಂದೆಮುಂದೆ ನೋಡದೆ ಹೂಂ ಅಂದಿದ್ದೆ. ಹಳದಿ ತಿರುಗಿದ್ದ ಆ ಡಬ್ಬವನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನಮ್ಮ ಡಾಕ್ಟರು ಮಾತ್ರ ಬೆಳಗಿನಿಂದ ಮುಖ ಊದಿಸಿಕೊಂಡಿದ್ದರು. "ರಜಾ ಮುಗಿಸಿ ಬಂದಾಗ ಎಲ್ಲರ ಪ್ರಿಂಟರೂ ಕಟ್ಟಿಕೊಂಡಿರುತ್ತೆ, ನಮ್ಮದು ಮಾತ್ರ ಒತ್ತಿದ ತಕ್ಷಣ ಅಚ್ಚು ಹಾಕ್ತಿತ್ತು. ಕೃತಜ್ಞತೆ ಇರಬೇಕು ಕಣೇ" ಎಂದು ಸತ್ತವರ ಗುಣಗಾನ ಮಾಡಿದಂತೆ ಮಾಡಿದ್ದರು.

ಕಾಯುವ ಕುರ್ಚಿಗಳಲ್ಲಿ ಎರಡು ಪತ್ರಿಕೆಗಳು ಬಿಚ್ಚಿಕೊಂಡಿದ್ದವು. ಒಂದರ ಹಿಂದೆ ಕನ್ನಡಕ, ಇನ್ನೊಂದರ ಹಿಂದೆ ಮೀಸೆ. ಇಬ್ಬರನ್ನೂ ತಪಾಸಣೆಯ ನೆಪದಲ್ಲಿ ಒಂದೇ ಹೊತ್ತಿಗೆ ಕಳುಹಿಸಿದವರು ಬೀಗಿತ್ತಿಯರು. ತಾವು ಮಾತ್ರ ಬರಲಿಲ್ಲ, ಬಂದರೆ ನಗು ತಡೆಯುವುದಿಲ್ಲವಂತೆ.

ನಡುವಿನ ಕುರ್ಚಿಯಲ್ಲಿ ಪುಟ್ಟಿ ಕೂತಿದ್ದಳು. ಕನ್ನಡಕದವರ ಮಗಳು, ಮೀಸೆಯವರ ಸೊಸೆ. ಎರಡು ಮನೆಯಲ್ಲೂ ಅವಳಿಗೆ ಅದೇ ಹೆಸರು. ಚಿಕ್ಕಂದಿನಿಂದ ನಮ್ಮ ಕ್ಲಿನಿಕ್ಕಿಗೆ ಬಂದುಹೋಗಿ ಮಾಡಿದವಳು. ನಮಗೆ ಮಕ್ಕಳಿಲ್ಲ. ಅವಳು ಬಂದರೆ ನಮ್ಮ ಡಾಕ್ಟರು ಮುಂದಿನ ರೋಗಿಯನ್ನು ಮರೆತು ಹರಟೆಗೆ ನಿಲ್ಲುತ್ತಿದ್ದರು. ಇವತ್ತು ಅವಳ ಮಡಿಲಿನಲ್ಲಿ ಆ ಎರಡು ಸಾಕ್ಷಿಪತ್ರಗಳಿದ್ದವು.

"ಮೌನಿ ಎಲ್ಲಿ?" ಎಂದೆ. ಮೌನಿ ಅಂದರೆ ಅವಳ ಗಂಡ. ಮಾತನ್ನು ಇಂಕಿಗಿಂತ ಜಿಪುಣತನದಿಂದ ಖರ್ಚು ಮಾಡುವವನು.

"ಬರ್ತೀನಿ ಅಂದ ಆಂಟಿ. ಬೆಳಿಗ್ಗೇನೇ ಮನೆ ಬಿಟ್ಟ. ಫೋನ್ ಎತ್ತುತಾ ಇಲ್ಲ."

"ಯಾಕೆ ಎತ್ತುತ್ತಾರೆ? ತಮ್ಮ ಅಳಿಯನ ಮೇಲೆ ತಾವೇ ಒತ್ತಡ ಹಾಕ್ತಾ ಇದೀರಿ" ಎಂದಿತು ಮೀಸೆಯ ಪತ್ರಿಕೆ.

"ತಮ್ಮ ಮಗ ತಮ್ಮ ಮಾತೇ ಕೇಳಲ್ಲ, ನನ್ನ ಮಾತು ಕೇಳ್ತಾರಾ?" ಎಂದಿತು ಕನ್ನಡಕದ ಪತ್ರಿಕೆ.

"ಹಲ್ಲು ನೋಡೋಣವಾ?" ಎಂದರು ನಮ್ಮವರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮುಚ್ಚಳವನ್ನು ಯಾರೋ ಹಲ್ಲಲ್ಲಿ ಕಚ್ಚಿದ್ದಾರೆ ಎಂದು ನಾನು ಹೇಳಿದ್ದೇ ತಡ, ಇಬ್ಬರೂ ಬಾಯಿ ಬಿಗಿದರು.

"ಕಚ್ಚೋದಾ? ನಾನು ಮೆಷೀನಿಗೆ ಬಾಯಿ ಹಾಕೋನಲ್ಲ" ಎಂದರು ಕನ್ನಡಕದವರು. "ನಮ್ಮ ಅಂಗಡಿಯದೇ ಪ್ರಿಂಟರಿಗೆ ಸ್ಪ್ರಿಂಗ್ ಬದಲಾಯಿಸಿದ್ದೆ. ಅವತ್ತಿಂದ ಆ ಪ್ರಿಂಟರು ಒಂದು ಸಲಾನೂ ಕಟ್ಟಿಕೊಳ್ಳಲಿಲ್ಲ. ಬಿಚ್ಚಿ ನೋಡಿದ್ರೆ ಮೂಲೇಲಿ ಕಿಂಡಿ. ನನ್ನ ಸ್ಪ್ರಿಂಗಿನ ಒತ್ತಡಕ್ಕೇ ಆದದ್ದು ಅದು."

"ಸ್ಪ್ರಿಂಗಂತೆ. ನನ್ನ ಅಂಗಡಿ ಪ್ರಿಂಟರಿಗೆ ನಾನು ಇಂಕು ಹೀರೋ ಪಂಪು ಬದಲಾಯಿಸಿದ್ದಕ್ಕೆ ಆದ ಕಿಂಡಿ" ಎಂದರು ಮೀಸೆಯವರು. "ತಾವು ನನ್ನ ಅಂಗಡಿಗೆ ಬಂದು ಕದ್ದು ನೋಡಿರಬೇಕು."

"ತಮ್ಮ ಅಂಗಡೀಲಿ ಕದಿಯೋಕೆ ಏನಿದೆ? ನನ್ನ ಸ್ಕ್ರೂಡ್ರೈವರೇ ಇರೋದು."

ಅವರ ಮುಖ ನೋಡುತ್ತಿದ್ದಾಗ ನನಗೆ ಒಂದು ವಿಷಯ ಖಾತ್ರಿಯಾಯಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ತನ್ನ ಕೈಯಿಂದಲೇ ಆದದ್ದೆಂದು ಇಬ್ಬರೂ ಮನಸಾರೆ ನಂಬಿದ್ದರು. ಕಳ್ಳರನ್ನು ಹಿಡಿಯುವುದು ಸುಲಭ, ಇಂಥ ಪ್ರಾಮಾಣಿಕರ ಜೊತೆ ಏಗುವುದು ಕಷ್ಟ.

ಮೊದಲು ಮೀಸೆಯವರು ಕುರ್ಚಿ ಏರಿದರು. ದೀಪ ಬಾಯಿಗೆ ಬಿತ್ತು. ನಮ್ಮವರು ಬಗ್ಗಿದವರು ಹಾಗೇ ನಿಂತರು.

"ಮುಂದಿನ ನಾಲ್ಕೂ ಕಟ್ಟಿಸಿದ್ದು" ಎಂದರು.

"ಮೆತ್ತಗೆ ಹೇಳಿ ಡಾಕ್ಟ್ರೇ" ಎಂದರು ಮೀಸೆಯವರು, ಬಾಯಲ್ಲಿ ಕನ್ನಡಿ ಇಟ್ಟುಕೊಂಡೇ.

ಬಾಗಿಲಲ್ಲಿ ಇಣುಕುತ್ತಿದ್ದ ಕನ್ನಡಕದವರ ಕಿವಿಗೆ ಅದು ಬಿತ್ತು. "ಕಟ್ಟಿಸಿದ್ದಾ? ಯಾವಾಗ?"

"ಏಣಿಯಿಂದ ಬಿದ್ದಾಗ. ಅಂಗಡಿ ಶುರು ಮಾಡಿದ ವರ್ಷ."

"ಹೊಟ್ಟೆನೋವು ಅಂತ ಒಂದು ವಾರ ಬಾಗಿಲು ಹಾಕಿದ್ದೆಯಲ್ಲ, ಅವಾಗಲಾ?" ಕನ್ನಡಕದವರು ಒಳಗೆ ಬಂದೇಬಿಟ್ಟರು. "ನಾನು ದಿನಾ ಬಾಗಿಲು ಬಡಿದೆ. ಹಲ್ಲು ಹೋಗಿದ್ದನ್ನ ನನ್ನ ಹತ್ರಾನೂ ಮುಚ್ಚಿಟ್ಟೆಯಲ್ಲೋ. ಅದಕ್ಕೇ ಏನೋ ಈ ಮೀಸೆ ಬಿಟ್ಟಿದ್ದು."

'ಲೋ' ಎಂದದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಆಮೇಲೆ ಮೀಸೆಯವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು.

ಕನ್ನಡಕದವರ ಹಲ್ಲನ್ನೂ ನೋಡಿದ್ದಾಯಿತು. ಅಂಚು ನೇರ, ಹಳ್ಳವಿಲ್ಲ. ಇಬ್ಬರದೂ ಅಲ್ಲ.

ನಮ್ಮವರು ಕೈ ತೊಳೆದುಕೊಂಡು ಕಪಾಟಿನ ಕಡೆ ಹೋದರು. ಅಲ್ಲಿ ಅವರ ರೋಗಿಗಳ ಹಲ್ಲಿನ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಕೂತಿರುತ್ತವೆ. ಮುಖ ಮರೆತರೂ ಅವರು ಹಲ್ಲು ಮರೆಯುವವರಲ್ಲ. ಒಂದನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

ಅಚ್ಚನ್ನು ನನ್ನ ಕೈಗಿಟ್ಟರು.

ಮುಂದಿನ ಹಲ್ಲೊಂದರ ಅಂಚಿನಲ್ಲಿ ಪುಟ್ಟ ಹಳ್ಳ. ಮುಚ್ಚಳದ ಕಿಂಡಿಯನ್ನು ಅದಕ್ಕೆ ತಾಗಿಸಿದೆ. ಉಬ್ಬು ಹಳ್ಳದಲ್ಲಿ ಹೋಗಿ ಕೂತಿತು. ಎರಡನೆಯದೂ ಹಾಗೆಯೇ ಕೂತಿತು. ಅಚ್ಚನ್ನು ತಿರುಗಿಸಿದೆ. ಅಡಿಯಲ್ಲಿ ಅವರದೇ ಕೈಬರಹ. 'ಪುಟ್ಟಿ. ಮದುವೆಗೆ ಮುಂಚೆ.'

"ಫೋಟೋದಲ್ಲಿ ಹಲ್ಲು ಬಿಟ್ಟು ನಗಬೇಕು ಅಂಕಲ್ ಅಂದಿದ್ಲು. ಆ ಹಳ್ಳ ನಾನೇ ತುಂಬಿಸಿದ್ದು" ಎಂದರು. "ಬೇಡ ಕಣೇ. ಇದನ್ನ ವಾಪಸ್ ಇಟ್ಟುಬಿಡೋಣ. ಸಿಗಲಿಲ್ಲ ಅನ್ನು."

"ಸಿಗದಿದ್ರೆ ಅವಳು ಅಪ್ಪನ ಪರ ಸಹಿ ಹಾಕ್ಬೇಕಾಗುತ್ತೆ. ಅದೂ ಸುಳ್ಳು ಅಂತ ಗೊತ್ತಿದ್ದೂ."

ಬಾಗಿಲು ಕಿರ್ರೆಂದಿತು. ಪುಟ್ಟಿ ನಿಂತಿದ್ದಳು.

"ಹಲ್ಲು ನಂದೇ ಆಂಟಿ."

ಕೂರಿಸಿದೆ. ನೀರು ಕೊಟ್ಟೆ. ಕುಡಿಯಲಿಲ್ಲ.

"ಮದುವೆಗೆ ಮುಂಚೆ ಅಪ್ಪನ ಅಂಗಡೀಲಿ ವೈರು ಸುಲೀತಾ ಕೂತಿರ್ತಿದ್ದೆನಲ್ಲ, ಆಗ ಅಂಗಡಿ ಮೆಷೀನಿನ ಮುಚ್ಚಳ ಹರಿದದ್ದು ಕಂಡೆ, ಅಪ್ಪ ನೋಡಿರಲಿಲ್ಲ. ಬದಲಿ ಎಲ್ಲೂ ಸಿಗಲಿಲ್ಲ. ಅಪ್ಪ ಊಟಕ್ಕೆ ಹೋದಾಗ ನಾನೇ ಒಂದು ಎರೆದೆ. ಹೆಚ್ಚಾಗಿದ್ದನ್ನ ಕಚ್ಚಿ ತೆಗೆಯೋಕೆ ಹೋದ್ರೆ ಮೂಲೆ ಕಿತ್ತುಬಂತು. ಬೈತಾರೆ ಅಂತ ಹೇಳದೇ ಹಾಕ್ಬಿಟ್ಟೆ. ನೋಡಿದ್ರೆ ಮೆಷೀನು ಮೊದಲಿಗಿಂತ ಚೆನ್ನಾಗಿ ಓಡ್ತು."

"ಎರಡನೇದು?"

ಅಷ್ಟು ಸಂಕಟದಲ್ಲೂ ಅವಳ ಕೆನ್ನೆ ಕೆಂಪಾಯಿತು. "ಎದುರು ಅಂಗಡೀಲಿ ಇವನು ಒಂದು ಮೆಷೀನ್ ಮುಂದೆ ಅಳೋ ಹಾಗೆ ಕೂತಿದ್ದ. ಮಾವ ಬೈದಿದ್ರು. ಇವನಿಗೂ ಒಂದು ಮಾಡಿಕೊಟ್ಟೆ. ಅದೇ ಮೂಲೇನ ಬೇಕಂತಲೇ ಕಚ್ಚಿದೆ. ನಮ್ಮ ಮಾತುಕತೆ ಶುರುವಾಗಿದ್ದೇ ಹಾಗೆ. ಈ ಸಂಬಂಧ ನಾವು ಕುದುರಿಸಿದ್ದು ಅಂತ ಅಪ್ಪ, ಮಾವ ಈಗಲೂ ಹೇಳ್ಕೊಂಡು ತಿರುಗ್ತಾರೆ."

"ಮೊದಲೇ ಹೇಳೋದಲ್ವೇನೇ ಹುಚ್ಚಿ?"

"ಹೇಗೆ ಹೇಳ್ಲಿ ಆಂಟಿ? ಅರ್ಜಿ ಹಾಕಿದ ದಿನ ಅಪ್ಪ ಅಂಗಡಿಗೆ ಬಣ್ಣ ಹೊಡೆಸಿದ್ರು. 'ಜೀವಮಾನವೆಲ್ಲ ಬೇರೆಯವರು ಮಾಡಿದ್ದನ್ನ ರಿಪೇರಿ ಮಾಡಿದೆ, ಇದೊಂದು ನಾನು ಮಾಡಿದ್ದು' ಅಂದ್ರು. ಮಾವನೂ ಅದೇ ಮಾತು ಅಂದ್ರಂತೆ. ಅವರ ಕೈಯಿಂದ ನಾನು ಅದನ್ನ ಹೇಗೆ ಕಿತ್ಕೊಳ್ಲಿ?"

ಗೋಡೆಯ ಆಚೆ ಇಬ್ಬರು ಮುದುಕರು ಕಟ್ಟಿಸಿದ ಹಲ್ಲಿನ ವಿಷಯ ತೆಗೆದುಕೊಂಡು ಗೊಳ್ಳೆಂದು ನಗುತ್ತಿದ್ದರು. ಪುಟ್ಟಿ ಅದನ್ನು ಕೇಳಿಸಿಕೊಂಡು ಕಣ್ಣು ಒರೆಸಿಕೊಂಡಳು. ಆ ನಗು ಮತ್ತೆ ಕೇಳಿಸಲೆಂದೇ ಅವಳು ಇಷ್ಟು ದಿನ ತುಟಿ ಹೊಲಿದುಕೊಂಡು ಕೂತಿದ್ದಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು, ಅಪ್ಪಿಕೊಂಡೆ.

ಆಮೇಲೆ ನನ್ನ ತಲೆ ಚುರುಕಾಯಿತು. ದಾರಿ ಇತ್ತು. "ನೋಡು, ಅಳಬೇಡ. ನೀನೇ ಮಾಡಿದ್ದು ಅಂತ ಗೊತ್ತಾದ್ರೆ ಇಬ್ಬರೂ ಕಳ್ಳರಲ್ಲ. ಇಬ್ಬರ ಅರ್ಜೀನೂ ಒಂದು ಮಾಡಿ ನಿನ್ನ ಹೆಸರು ಸೇರಿಸೋಣ. ಪೇಟೆಂಟು ಎರಡು ಮನೆಗೂ ಸೇರುತ್ತೆ. ನಿಮ್ಮಮ್ಮ, ನಿಮ್ಮತ್ತೆ ಕೇಳಿದ್ದೂ ಅದೇ. ಇರೋದು ಇವೆರಡೇ ಮುಚ್ಚಳ ತಾನೇ? ಅರ್ಜಿಗೆ ಮುಂಚೆ ಹೊರಗಿನವರ ಕೈಗೆ ಯಾವುದೂ ಹೋಗಿಲ್ಲವಲ್ಲ?"

"ಹೋಗಿದ್ರೆ?"

"ಹೋಗಿ, ಜನರ ನಡುವೆ ಬಳಕೆಯಾಗಿದ್ರೆ ಅದು ಹೊಸದಲ್ಲ ಅಂತಾಗುತ್ತೆ. ಆಗ ಯಾರಿಗೂ ಪೇಟೆಂಟಿಲ್ಲ. ನಿನಗೂ ಇಲ್ಲ, ಅವರಿಗೂ ಇಲ್ಲ."

ಪುಟ್ಟಿ ನಮ್ಮವರ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ಎರಡಲ್ಲ ಆಂಟಿ. ಮೂರು ಮಾಡಿದ್ದೆ."

"ಮೂರನೇದು ಎಲ್ಲಿದೆ?"

"ಇಲ್ಲೇ. ಆ ಹಲ್ಲಿನ ಹಳ್ಳ ತುಂಬಿಸೋಕೆ ಬಂದಾಗ ನಿಮ್ಮ ಪ್ರಿಂಟರು ಕಟ್ಟಿಕೊಂಡಿತ್ತು. ಅಂಕಲ್ ತಲೆ ಕೆಡಿಸ್ಕೊಂಡಿದ್ರು. ನನ್ನ ಸರದಿ ಬರೋವರೆಗೂ ಸುಮ್ನೆ ಯಾಕೆ ಕೂರ್ಲಿ ಅಂತ ಬ್ಯಾಗಲ್ಲಿದ್ದ ಮೂರನೇದನ್ನ ಹಾಕ್ಬಿಟ್ಟೆ. ಯಾರಿಗೂ ಹೇಳಿಲ್ಲ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಈ ಕೇಸಿನ ವರದಿಗಳನ್ನೆಲ್ಲ ನಾನು ಅಚ್ಚು ಹಾಕಿದ್ದು ಅದೇ ಡಬ್ಬದಲ್ಲಿ. ವರ್ಷಗಟ್ಟಲೆ ರೋಗಿಗಳ ಕಣ್ಣೆದುರು, ಕೌಂಟರಿನ ಮೇಲೆ, ಅದು ಒಂದು ದಿನವೂ ಕಟ್ಟಿಕೊಳ್ಳದೆ ದುಡಿದಿತ್ತು. ನಮ್ಮವರು ನನ್ನ ಮುಖ ನೋಡಿದರು. ಕೃತಜ್ಞತೆಯ ಮಾತು ಎತ್ತಲಿಲ್ಲ, ಪುಣ್ಯಾತ್ಮರು.

ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಕೌಂಟರಿಗೆ ಓಡಿದೆ. "ಹಳೇ ಪ್ರಿಂಟರ್ ಯಾರು ತಗೊಂಡು ಹೋದ್ರು?"

ನಾದಿನಿ ಕನ್ನಡಕ ಏರಿಸಿದಳು. "ಈಗ ನೆನಪಾಯ್ತಾ ಅತ್ತಿಗೆ? ಕೊಡು ಕೊಡು ಅಂತ ಕುಣಿದೋರು ನೀವೇ."

"ಯಾರು ಅಂದೆ."

"ಅವನೇ. ಪುಟ್ಟಿ ಗಂಡ. ಬೆಳಿಗ್ಗೆ ಹೊಸದನ್ನ ಹೊತ್ಕೊಂಡು ಬಂದ, ಹಳೇದನ್ನ ಹೊತ್ಕೊಂಡು ಹೋದ. ಎರಡು ಮಾತೂ ಆಡಲಿಲ್ಲ."

ನನ್ನ ಹಿಂದೆಯೇ ಬಂದಿದ್ದ ಪುಟ್ಟಿ ಗೋಡೆ ಹಿಡಿದುಕೊಂಡಳು. "ಅವನಿಗೆ ಮೂರನೇದರ ವಿಷಯ ಗೊತ್ತೇ ಇಲ್ಲ ಆಂಟಿ."

ಅಷ್ಟರಲ್ಲಿ ಬೀದಿಯ ಬಾಗಿಲು ತೆರೆಯಿತು. ಮೌನಿ ಬಂದ. ಅಂಗಿಯ ತೋಳು ಮಡಿಸಿತ್ತು, ಮೊಣಕೈವರೆಗೂ ಕಪ್ಪು ಇಂಕು. ಹೆಂಡತಿಯ ಕಡೆ ಒಂದು ಸಲ ನೋಡಿದ. ನೇರ ಒಳಗೆ, ಇಬ್ಬರು ಹಿರಿಯರ ಮುಂದೆ ಹೋಗಿ ನಿಂತ. ನಾವೂ ಅವನ ಹಿಂದೆಯೇ ಹೋದೆವು.

"ಅಪ್ಪಾ, ಮಾವಾ, ನಾನು ಸಹಿ ಹಾಕಲ್ಲ. ಪುಟ್ಟೀನೂ ಹಾಕೋದು ಬೇಡ."

ಅಂಗೈ ಬಿಚ್ಚಿದ. ಅದರಲ್ಲಿ ಒಂದು ಕಪ್ಪು ಮುಚ್ಚಳ, ಮೂಲೆಯಲ್ಲಿ ಕಿಂಡಿ.

"ಇದು ಡಾಕ್ಟರ ಪ್ರಿಂಟರಿಂದ ಬಿಚ್ಚಿದ್ದು. ಇಂಕು ತುಂಬಿಸೋಕೆ ಬಂದಾಗೆಲ್ಲ ನೋಡ್ತಿದ್ದೆ. ನಿಮ್ಮಿಬ್ಬರ ಅರ್ಜಿಗಿಂತ ಎಷ್ಟೋ ವರ್ಷ ಹಳೇದು. ಇನ್ನು ಇದರ ಮೇಲೆ ಯಾರಿಗೂ ಹಕ್ಕಿಲ್ಲ. ಜಗಳ ಆಡೋಕೆ ಏನೂ ಉಳಿದಿಲ್ಲ."

ಇಷ್ಟುದ್ದದ ಮಾತನ್ನು ಅವನ ಬಾಯಲ್ಲಿ ನಾವು ಯಾರೂ ಕೇಳಿರಲಿಲ್ಲ. ಕನ್ನಡಕದವರು ಮುಚ್ಚಳವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು.

"ಇದನ್ನ ಮಾಡಿದ್ದು ಯಾರು?"

ಪುಟ್ಟಿ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಅವನೇ ಹೇಳಿದ.

"ನಾನು. ಮೂರೂ ನಾನೇ ಮಾಡಿದ್ದು. ನಿಮ್ಮಿಬ್ಬರ ಆಸೆ ಕಂಡು ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದು. ಬೈಯೋದಾದ್ರೆ ನನ್ನನ್ನ ಬೈರಿ."

ಮೀಸೆಯವರು ಕುರ್ಚಿಯಿಂದ ಎದ್ದರು. ಆಗಷ್ಟೇ ನಗುತ್ತಿದ್ದ ಮುಖ ಬೂದಿಯಂತಾಗಿತ್ತು. ಮಗನ ಕೈಯನ್ನು ನೋಡಿದರು, ಮಗನ ಮುಖವನ್ನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಮೇಡಂ, ಹಲ್ಲಿನ ಗುರುತು ಇದೆ ಅಂದ್ರಲ್ಲ. ಇವನ ಬಾಯೂ ನೋಡಿಬಿಡಿ. ಇವನು ಹೇಳ್ತಿರೋದು ನಿಜವಾ?"

ಬೆನ್ನ ಹಿಂದೆ ಪುಟ್ಟಿ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಕೈಯಲ್ಲೇ ಅವಳ ಹಲ್ಲಿನ ಅಚ್ಚು ಇತ್ತು.